ಬೇಸಗೆ, ಬೆವರು, ಬೋರ್‌ವೆಲ್ ನೀರು: ಓದುಗರ ಪ್ರಶ್ನೆಗಳಿಗೆ ದೇಹವಿಜ್ಞಾನದ ಉತ್ತರ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಸುತ್ತಲೇ ಇದ್ದವು. ಆರನ್ನು ಆರಿಸಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ದಿನಕ್ಕೆ ನಾಲ್ಕು ಲೀಟರ್ ಕುಡಿಯಿರಿ’ ಎಂಬ ಒಂದೇ ಸಲಹೆಯನ್ನು ಎಲ್ಲರಿಗೂ ಹಂಚುವುದು ನಮಗೆ ಒಪ್ಪಿಗೆಯಿಲ್ಲ. ದೇಹ ನೀರಿನ ಲೆಕ್ಕವನ್ನು ಉಪ್ಪಿನ ಲೆಕ್ಕದ ಜೊತೆಗೇ ಇಡುತ್ತದೆ.

ಪ್ರಶ್ನೆ: ನಮ್ಮದು ಟೊಮೆಟೊ ತೋಟ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಇಳಿದರೆ ಕೋಲು ನೆಡುವುದು, ದಾರ ಕಟ್ಟುವುದು, ಹಣ್ಣು ಬಿಡಿಸುವುದು ಅಂತ ಮಧ್ಯಾಹ್ನ ಎರಡಾಗುತ್ತದೆ. ಅಷ್ಟರಲ್ಲಿ ನಾಲ್ಕೈದು ಲೀಟರ್ ನೀರು ಕುಡಿದಿರುತ್ತೇನೆ. ಆದರೂ ತಲೆನೋವು, ವಾಕರಿಕೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಇನ್ನೂ ಜಾಸ್ತಿ ಕುಡಿಯಬೇಕಾ? — ಶ್ರೀನಿವಾಸಪುರ ತಾಲ್ಲೂಕಿನ ರೈತರು

ಉತ್ತರ: ಬರೀ ನೀರನ್ನು ಇನ್ನಷ್ಟು ಏರಿಸಬೇಡಿ. ನೀವು ಕುಡಿಯುತ್ತಿರುವುದು ಸಾಕಷ್ಟಿದೆ, ಅದರ ಜೊತೆ ಹೋಗಬೇಕಾದ ಉಪ್ಪು ಹೋಗುತ್ತಿಲ್ಲ ಅನ್ನಿಸುತ್ತದೆ.

60 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಅದರ ಮೂರನೇ ಎರಡು ಪಾಲು ಜೀವಕೋಶಗಳ ಒಳಗೆ, ಉಳಿದದ್ದು ಹೊರಗೆ. ಒಳಗಿನ ನೀರಿನ ಮುಖ್ಯ ಲವಣ ಪೊಟ್ಯಾಷಿಯಂ, ಹೊರಗಿನದರದು ಸೋಡಿಯಂ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್‌ನ ಒಳಗೇ ಇರಬೇಕು. ಕೋಶದ ಪೊರೆಯನ್ನು ನೀರು ಸಲೀಸಾಗಿ ದಾಟುತ್ತದೆ, ಸೋಡಿಯಂ ದಾಟುವುದಿಲ್ಲ. ಹಾಗಾಗಿ ಹೊರಗಿನ ಸೋಡಿಯಂ ತೆಳುವಾದರೆ ನೀರು ಕೋಶಗಳ ಒಳಕ್ಕೆ ನುಗ್ಗಿ ಅವು ಊದಿಕೊಳ್ಳುತ್ತವೆ. ಬೇರೆ ಕಡೆ ಊದಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ತಲೆಬುರುಡೆಯ ಒಳಗೆ ಮಿದುಳಿಗೆ ಹಿಗ್ಗಲು ಜಾಗವಿಲ್ಲ. ತಲೆನೋವು, ವಾಕರಿಕೆ ಅಲ್ಲಿಂದ ಶುರು. ವಿಪರೀತಕ್ಕೆ ಹೋದರೆ ಗೊಂದಲ, ಫಿಟ್ಸ್.

ಬಿಸಿಲಲ್ಲಿ ದುಡಿಯುವವರು ಗಂಟೆಗೆ ಒಂದು ಲೀಟರ್ ಅಥವಾ ಅದಕ್ಕೂ ಮಿಗಿಲಾಗಿ ಬೆವರುವುದು ಮಾಮೂಲು. ಬೆವರು ಗ್ರಂಥಿಯ ತಳದಲ್ಲಿ ಹುಟ್ಟುವ ದ್ರವ ರಕ್ತದಷ್ಟೇ ಉಪ್ಪು. ಮೇಲಕ್ಕೆ ಬರುವ ಸಣ್ಣ ನಾಳದಲ್ಲಿ ಸೋಡಿಯಂ ವಾಪಸ್ ಹೀರಿಕೊಳ್ಳಲಾಗುತ್ತದೆ. ಬೆವರು ನಿಧಾನವಾಗಿ ಬಂದರೆ ಹೀರಿಕೊಳ್ಳಲು ಸಮಯ ಸಿಗುತ್ತದೆ, ರಭಸವಾಗಿ ಬಂದರೆ ಸಿಗುವುದಿಲ್ಲ. ಆದ್ದರಿಂದ ಲೀಟರ್ ಬೆವರಿಗೆ ಹೋಗುವ ಉಪ್ಪು ಒಬ್ಬರಲ್ಲಿ ಒಂದು ಗ್ರಾಂ ಇದ್ದರೆ ಇನ್ನೊಬ್ಬರಲ್ಲಿ ನಾಲ್ಕು ಗ್ರಾಂ ದಾಟುತ್ತದೆ. ಅಂಗಿ ಒಣಗಿದ ಮೇಲೆ ಬೆನ್ನ ಮೇಲೆ ಬಿಳಿ ಗೆರೆ ಮೂಡುತ್ತಿದ್ದರೆ ನೀವು ಉಪ್ಪು ಹೆಚ್ಚು ಕಳೆದುಕೊಳ್ಳುವ ಪೈಕಿ. ಬೇಸಗೆ ಶುರುವಾದ ಮೇಲೆ ಒಂದೆರಡು ವಾರ ಬಿಸಿಲಿಗೆ ಒಗ್ಗಿಕೊಂಡಾಗ ಅಲ್ಡೋಸ್ಟೆರೋನ್ ಎಂಬ ಹಾರ್ಮೋನ್ ಆ ನಾಳವನ್ನು ಚುರುಕುಗೊಳಿಸುತ್ತದೆ, ಬೆವರು ಸಪ್ಪೆಯಾಗುತ್ತದೆ. ಮಾರ್ಚ್ ಕೊನೆಯಲ್ಲಿ ಒಮ್ಮೆಲೇ ಇಡೀ ದಿನದ ಕೆಲಸಕ್ಕೆ ಇಳಿಯುವ ಕೂಲಿಯವರು ಮೊದಲ ವಾರವೇ ಸುಸ್ತಾಗಿ ಬೀಳಲು ಇದೂ ಒಂದು ಕಾರಣ.

‘ಹೆಚ್ಚಾದ ನೀರನ್ನು ಕಿಡ್ನಿ ಹೊರಗೆ ಹಾಕುವುದಿಲ್ಲವೇ?’ ಎಂದು ಕೇಳಬಹುದು. ಹಾಕುತ್ತದೆ, ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್‌ವರೆಗೆ. ಆದರೆ ಅದಕ್ಕೆ ವ್ಯಾಸೊಪ್ರೆಸಿನ್ ಹಾರ್ಮೋನ್ ಇಳಿದಿರಬೇಕು. ಮಿದುಳಿನ ಹೈಪೋಥಲಮಸ್ ರಕ್ತದ ಸಾಂದ್ರತೆಯಲ್ಲಿ ನೂರಕ್ಕೆ ಒಂದೆರಡು ಪಾಲು ಏರಿದರೂ ಗುರುತಿಸಿ ಈ ಹಾರ್ಮೋನನ್ನು ಬಿಡುತ್ತದೆ. ಅದು ಕಿಡ್ನಿಯ ಸಂಗ್ರಾಹಕ ನಾಳಗಳಲ್ಲಿ ನೀರಿನ ದಾರಿ ತೆರೆಯುವುದರಿಂದ ಮೂತ್ರದಲ್ಲಿ ಹೋಗಬೇಕಿದ್ದ ನೀರು ರಕ್ತಕ್ಕೆ ಮರಳುತ್ತದೆ. ಕಷ್ಟದ ದುಡಿಮೆ, ನೋವು, ವಾಕರಿಕೆ ಇವೆಲ್ಲ ಸಾಂದ್ರತೆಯ ಹಂಗಿಲ್ಲದೆ ಇದೇ ಹಾರ್ಮೋನನ್ನು ಏರಿಸುತ್ತವೆ. ಅಂದರೆ ವಾಕರಿಕೆ ಬರುತ್ತಿದೆ ಎಂದು ನೀವು ಇನ್ನೊಂದು ಚೊಂಬು ಕುಡಿದ ಹೊತ್ತಿನಲ್ಲೇ ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುತ್ತಿರುತ್ತದೆ.

ಮಾಡಬೇಕಾದ್ದು ಇಷ್ಟು. ಕೆಲಸದ ದಿನ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಸಾಕು, ಒಟ್ಟಿಗೆ ಲೀಟರ್‌ಗಟ್ಟಲೆ ಬೇಡ. ಅರ್ಧಕ್ಕರ್ಧ ಭಾಗ ಉಪ್ಪಿನ ಮಜ್ಜಿಗೆ ಅಥವಾ ರಾಗಿ ಅಂಬಲಿ ಇರಲಿ. ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮವಾಗಿ ಸವರಿದ್ದು. ಬೆಳಿಗ್ಗೆ ಊಟ ಬಿಟ್ಟು ಇಳಿಯಬೇಡಿ, ಸಾರಿನಲ್ಲಿರುವ ಉಪ್ಪೂ ಲೆಕ್ಕಕ್ಕೆ ಬರುತ್ತದೆ. ವಾಂತಿ ಭೇದಿ ಆಗಿದ್ದರೆ ಓಆರ್‌ಎಸ್ ಬೇಕು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಸಕ್ಕರೆ ರುಚಿಗೆಂದು ಹಾಕುವುದಲ್ಲ: ಸಣ್ಣ ಕರುಳಿನ ಗೋಡೆಯಲ್ಲಿರುವ ಸಾಗಣೆ ಪ್ರೋಟೀನ್ ಒಂದು ಗ್ಲೂಕೋಸ್ ಕಣದ ಜೊತೆ ಎರಡು ಸೋಡಿಯಂ ಕಣಗಳನ್ನು ಒಳಗೆಳೆಯುತ್ತದೆ, ಅವುಗಳ ಬೆನ್ನಿಗೆ ನೀರು ಬರುತ್ತದೆ. ಸಕ್ಕರೆ ಹೆಚ್ಚಾದರೆ ಉಲ್ಟಾ, ನೀರು ಕರುಳಿಗೆ ಇಳಿದು ಭೇದಿ ಜೋರಾಗುತ್ತದೆ. ಅಂಗಡಿಯ ಪುಡಿಯಲ್ಲಿ ಒಂದು ಲೀಟರಿನದು, 200 ಮಿಲಿಯದು ಎಂದು ಎರಡು ಅಳತೆಗಳಿವೆ. ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿದು ಮಕ್ಕಳಿಗೆ ಕುಡಿಸುವುದು ಅಪಾಯ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಉಪ್ಪಿನ ಮಾತನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ಪಾಲಿಸಬೇಕು. ಇನ್ನು ಮೀನಖಂಡದ ವಿಷಯ: ರಾತ್ರಿಯ ಸೆಳೆತಕ್ಕೆ ಉಪ್ಪಿನ ಕೊರತೆಯೊಂದೇ ಕಾರಣವಲ್ಲ, ದಣಿದ ಸ್ನಾಯುವಿನ ನರ ತಾನಾಗಿ ಮಿಡಿಯುವುದೂ ಕಾರಣ. ಹಿಡಿದಾಗ ಮಂಡಿ ನೆಟ್ಟಗಿಟ್ಟು ಕಾಲ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ, ಬಿಡುತ್ತದೆ.

ಪ್ರಶ್ನೆ: ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುತ್ತೇವೆ. ಶೆಡ್ಡಿನಲ್ಲಿ ಬಿಸಿನೀರಿನ ಆವಿ. ಬೆವರು ಧಾರಾಕಾರ ಸುರಿಯುತ್ತದೆ, ಮೈ ಮಾತ್ರ ತಣ್ಣಗಾಗುವುದಿಲ್ಲ. ಹೊರಗೆ ಬಿಸಿಲಲ್ಲಿ ನಿಂತರೇ ಹಾಯೆನಿಸುತ್ತದೆ. ಯಾಕೆ? — ಶಿಡ್ಲಘಟ್ಟದ ಓದುಗರು

ಉತ್ತರ: ಸುರಿಯುವ ಬೆವರಿನಿಂದ ತಂಪಿಲ್ಲ. ಆರುವ ಬೆವರಿನಿಂದ ಮಾತ್ರ ತಂಪು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಸುಮ್ಮನೆ ಕೂತ ಮನುಷ್ಯ ಏಳೆಂಟು ಗಂಟೆಯಲ್ಲಿ ಹುಟ್ಟಿಸುವ ಶಾಖ ಅಷ್ಟಿರುತ್ತದೆ. ಶೆಡ್ಡಿನ ಗಾಳಿ ಈಗಾಗಲೇ ಆವಿಯಿಂದ ತುಂಬಿರುವುದರಿಂದ ನಿಮ್ಮ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ನೀರೂ ಉಪ್ಪೂ ಹೋದವು, ಶಾಖ ಮೈಯಲ್ಲೇ ಉಳಿಯಿತು. ಕೋಲಾರ, ಚಿಕ್ಕಬಳ್ಳಾಪುರದ ಹೊರಗಿನ ಗಾಳಿ ಬೇಸಗೆಯಲ್ಲಿ ಒಣ, ಅದಕ್ಕೇ ಬಿಸಿಲಿದ್ದರೂ ಹಾಯೆನಿಸುತ್ತದೆ.

ಬಿಸಿ ಆವಿ ಮೇಲಕ್ಕೇರುವುದರಿಂದ ಛಾವಣಿಯ ಹತ್ತಿರ ಕಿಂಡಿ ಅಥವಾ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯಲ್ಲಿ ತಗ್ಗಿನ ಕಿಟಕಿ ಇದ್ದರೆ ಗಾಳಿ ಹರಿಯುತ್ತದೆ. ಮೈಗೆ ತಾಗುವ ಫ್ಯಾನ್ ಉಪಯೋಗಕ್ಕೆ ಬರುತ್ತದೆ. ಆದರೆ ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ಫ್ಯಾನ್ ಬಿಸಿಯನ್ನು ಮೈಗೆ ಹೊಡೆಯುತ್ತದೆ. ಇನ್ನೊಂದು ಸಂಗತಿಯನ್ನು ಬಿಚ್ಚಾಣಿಕೆಯವರು ಗಮನಿಸಬೇಕು. ಅಂಗೈಗಳಲ್ಲಿ ಚರ್ಮದ ಕೆಳಗೆ ಅಪಧಮನಿ, ಅಭಿಧಮನಿಗಳು ನೇರವಾಗಿ ಕೂಡುವ ಕವಲುಗಳು ಹೇರಳ, ಶಾಖ ಬಿಡುವುದಕ್ಕೆಂದೇ ಇರುವಂಥವು. ನಿಮ್ಮ ಕೈಗಳೋ ದಿನವಿಡೀ ಬಿಸಿನೀರಿನಲ್ಲಿ. ಬಿಡುವಿನಲ್ಲಿ ಮುಂಗೈವರೆಗೆ ತಣ್ಣೀರಿನ ಬಕೆಟ್ಟಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ, ಮೈಯೊಳಗಿನ ಉಷ್ಣತೆಯೇ ಇಳಿಯುತ್ತದೆ.

ಯಾರಾದರೂ ಬಿಸಿಗೆ ತಡವರಿಸಿ ಮಾತಾಡಿದರೆ, ಗುರುತು ತಪ್ಪಿದರೆ ಅದು ಶಾಖಾಘಾತ, ಒಳಗಿನ ಉಷ್ಣತೆ 40 ದಾಟಿದೆ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಗಾಡಿ ಬರುವ ತನಕ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು. ಜ್ವರದಲ್ಲಿ ಮಿದುಳು ತಾನೇ ಉಷ್ಣತೆಯ ಗುರಿಯನ್ನು ಏರಿಸಿಕೊಂಡಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಗುರಿ ಏರಿಲ್ಲ, ತಣಿಸುವ ವ್ಯವಸ್ಥೆಯೇ ಸೋತಿದೆ.

ಪ್ರಶ್ನೆ: ಎಡಗಡೆ ಕಿಡ್ನಿಯಲ್ಲಿ 4 ಮಿಲಿಮೀಟರ್ ಕಲ್ಲು ಅಂತ ಸ್ಕ್ಯಾನ್‌ನಲ್ಲಿ ಬಂದಿದೆ. ಟೊಮೆಟೊ, ಸೀಬೆ ಬೀಜ ಬಿಡಿ, ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದನ್ನೂ ಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಮುದ್ದೆ ಬಿಟ್ಟರೆ ನಮಗೆ ಊಟವೇ ಇಲ್ಲ. — ಮುಳಬಾಗಿಲಿನ ಓದುಗರು

ಉತ್ತರ: ಮುದ್ದೆ ಬಿಡಬೇಡಿ. ಬೀಜದ ಮಾತಂತೂ ನಿರಾಧಾರ. ನುಂಗಿದ ಬೀಜ ಕರುಳಿನಲ್ಲೇ ಸಾಗಿ ಮಲದಲ್ಲಿ ಹೋಗುತ್ತದೆ, ಕಿಡ್ನಿಗೆ ಅದಕ್ಕೆ ದಾರಿಯೇ ಇಲ್ಲ.

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ನೂರಕ್ಕೆ 99 ಪಾಲನ್ನು ವಾಪಸ್ ಹೀರಿಕೊಳ್ಳುತ್ತವೆ. ಉಳಿದ ಒಂದೂವರೆ ಎರಡು ಲೀಟರಿನಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಎಲ್ಲವೂ ಕರಗಿರಬೇಕು. ಮೂತ್ರ ಮುಕ್ಕಾಲು ಲೀಟರಿಗೆ ಇಳಿದರೆ ಅಷ್ಟೇ ಲವಣ ಕಡಿಮೆ ನೀರಿಗೆ ಬಂದು ಕರಗುವ ಮಿತಿ ಮೀರುತ್ತದೆ, ಹರಳು ಕಟ್ಟುತ್ತದೆ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಆದರೆ ತಿನ್ನುವ ಕ್ಯಾಲ್ಸಿಯಂ ಬಿಟ್ಟರೆ ಕಲ್ಲು ಹೆಚ್ಚುತ್ತದೆ! ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಒಯ್ಯುತ್ತದೆ. ಅದು ಇಲ್ಲದಿದ್ದರೆ ಬಿಡಿ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆ ಒಂದು ಲೋಟ ಮಜ್ಜಿಗೆ ಇರಲಿ.

ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆ. ಹೆಚ್ಚಿರುವುದು ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್‌ಗಳಲ್ಲಿ. ಸೊಪ್ಪು ಬೇಯಿಸಿ ನೀರು ಬಸಿದರೆ ಕರಗುವ ಆಕ್ಸಲೇಟಿನ ಒಂದು ದೊಡ್ಡ ಪಾಲು ಹೋಗುತ್ತದೆ. ನಮ್ಮ ಕಡೆ ತೊಂದರೆ ಏನೆಂದರೆ ಬಸಿದ ಆ ನೀರೇ ಬಸ್ಸಾರು. ಕಲ್ಲಿನ ಕಾಟ ಇರುವವರ ಮನೆಯಲ್ಲಿ ದಂಟು, ಪಾಲಕ್ ಬಸಿದ ನೀರನ್ನು ಚೆಲ್ಲಿ, ಬಸ್ಸಾರಿಗೆ ಕಾಳು ಬಸಿದ ಕಟ್ಟು ಬಳಸಿ.

ನಿಜವಾಗಿ ಕಡಿಮೆ ಮಾಡಬೇಕಾದ್ದು ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ. ಕಿಡ್ನಿಯ ನಾಳದಲ್ಲಿ ಸೋಡಿಯಂ, ಕ್ಯಾಲ್ಸಿಯಂ ಒಟ್ಟೊಟ್ಟಿಗೆ ಹೀರಲ್ಪಡುತ್ತವೆ, ಸೋಡಿಯಂ ಹೆಚ್ಚಾಗಿ ಹೊರಹೋದರೆ ಕ್ಯಾಲ್ಸಿಯಮ್ಮೂ ಹಿಂಬಾಲಿಸುತ್ತದೆ. (ಮೇಲೆ ಶ್ರೀನಿವಾಸಪುರದವರಿಗೆ ಹೇಳಿದ ಉಪ್ಪು ಬೆವರಿನಲ್ಲಿ ಹೋದದ್ದನ್ನು ತುಂಬಲು. ನೆರಳಿನಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಅನ್ವಯಿಸದು.) ನಿಂಬೆರಸದ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದು ಹರಳು ಬೆಳೆಯದಂತೆ ತಡೆಯುತ್ತದೆ. ದಿನಕ್ಕೆ ಎರಡು ನಿಂಬೆಹಣ್ಣಿನ ರಸ, ಉಪ್ಪು ಹಾಕದೆ ಕುಡಿಯಿರಿ. ಬಾಳೆದಿಂಡಿನ ರಸ ಕಲ್ಲು ಕರಗಿಸುತ್ತದೆ ಎಂಬ ಮಾತಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ, ಪಲ್ಯ ಮಾಡಿ ತಿನ್ನಲು ಅಡ್ಡಿಯಿಲ್ಲ.

ಎಷ್ಟು ನೀರು ಕುಡಿಯಬೇಕು ಎಂಬುದನ್ನು ಕುಡಿದ ಅಳತೆಯಿಂದ ನಿರ್ಧರಿಸಬೇಡಿ. ಬಿಡುವಿನ ಒಂದು ದಿನ 24 ಗಂಟೆಯ ಮೂತ್ರವನ್ನು ಅಳತೆ ಗೆರೆಯಿರುವ ಬಾಟಲಿಯಲ್ಲಿ ಅಳೆಯಿರಿ, ಎರಡೂವರೆ ಲೀಟರ್ ಬರಬೇಕು. ಬಣ್ಣ ತಿಳಿಹಳದಿ ಇರಬೇಕು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಬಣ್ಣದ ಲೆಕ್ಕ ನಡೆಯದು.

4 ಮಿಲಿಮೀಟರಿನ ಕಲ್ಲು ಬಹುಪಾಲು ತಾನೇ ಇಳಿದು ಹೋಗುತ್ತದೆ. ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಹಿಂದಿನ ಮೂತ್ರ ಒತ್ತಡ ಕಟ್ಟಿ ನಾಳವನ್ನೂ ಕಿಡ್ನಿಯ ಹೊದಿಕೆಯನ್ನೂ ಹಿಗ್ಗಿಸುತ್ತದೆ, ಆ ಭಯಂಕರ ನೋವು ಅದರದು. ನೋವಿನ ಹೊತ್ತಿನಲ್ಲಿ ‘ತಳ್ಳಿಕೊಂಡು ಹೋಗಲಿ’ ಎಂದು ಮೂರ್ನಾಲ್ಕು ಲೀಟರ್ ಕುಡಿದರೆ ಒತ್ತಡ ಏರಿ ನೋವು ಹೆಚ್ಚಬಹುದೇ ಹೊರತು ಕಲ್ಲು ಬೇಗ ಇಳಿಯುವುದಿಲ್ಲ. ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡೆದ ಮೂತ್ರದಲ್ಲಿ ಸೋಂಕಾದರೆ ಗಂಟೆಗಳಲ್ಲಿ ರಕ್ತಕ್ಕೆ ಏರುತ್ತದೆ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬೋರ್‌ವೆಲ್ ನೀರನ್ನು ಕುದಿಸಿಯೇ ಕೊಡುತ್ತಿದ್ದೆವು. — ಬಾಗೇಪಲ್ಲಿಯ ತಾಯಿ

ಉತ್ತರ: ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ನಿಮ್ಮ ಸೀಮೆಯ ಗಟ್ಟಿಬಂಡೆಯ ಆಳದ ನೀರು ಅದನ್ನು ಮೀರುವುದು ಅಪರೂಪವಲ್ಲ.

ನುಂಗಿದ ಫ್ಲೋರೈಡ್ ಜಠರದ ಆಮ್ಲದಲ್ಲೇ ಹೀರಲ್ಪಟ್ಟು ಒಂದು ಗಂಟೆಯೊಳಗೆ ರಕ್ತದಲ್ಲಿ ಗರಿಷ್ಠಕ್ಕೇರುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧ ಎಲುಬಿಗೆ ಸೇರಿದರೆ ಉಳಿದದ್ದು ಮೂತ್ರಕ್ಕೆ. ಬೆಳೆಯುವ ಮಕ್ಕಳ ಎಲುಬು ಅದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಹಲ್ಲಿನ ದಂತಕವಚ ವಸಡಿನೊಳಗೆ ರೂಪುಗೊಳ್ಳುವಾಗ ಮೊದಲು ಪ್ರೋಟೀನಿನ ಚೌಕಟ್ಟು, ಆಮೇಲೆ ಅದನ್ನು ತೆಗೆದು ಆ ಜಾಗಕ್ಕೆ ಖನಿಜ ತುಂಬುವ ಕೆಲಸ. ಹೆಚ್ಚು ಫ್ಲೋರೈಡ್ ಇದ್ದರೆ ಪ್ರೋಟೀನ್ ತೆಗೆಯುವುದು ತಡವಾಗಿ ಕವಚದಲ್ಲಿ ಸೂಕ್ಷ್ಮ ರಂಧ್ರ ಉಳಿಯುತ್ತದೆ. ಹಲ್ಲು ಹುಟ್ಟಿದ ಮೇಲೆ ಬಣ್ಣ ಅಲ್ಲಿ ಸೇರಿ ಕಂದಾಗುತ್ತದೆ. ಅದಕ್ಕೇ ಉಜ್ಜಿದರೆ ಹೋಗದು. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಬೇಡಿ, ಇರುವ ಕವಚವೂ ಸವೆಯುತ್ತದೆ. ಮುಂದಿನ ಹಲ್ಲಿನ ಕವಚ ಹುಟ್ಟಿನಿಂದ ನಾಲ್ಕೈದು ವರ್ಷದೊಳಗೆ, ದವಡೆ ಹಲ್ಲುಗಳದ್ದು (ಬುದ್ಧಿಹಲ್ಲು ಬಿಟ್ಟು) ಸುಮಾರು ಎಂಟರೊಳಗೆ ಮುಗಿಯುತ್ತದೆ. ಮಗಳ ಕಲೆಗೆ ದಂತವೈದ್ಯರು ಮೇಲ್ಪದರ ಹಾಕಬಲ್ಲರು. ಮನೆಯಲ್ಲಿ ಅವಳಿಗಿಂತ ಸಣ್ಣ ಮಗುವಿದ್ದರೆ ನೀರು ಬದಲಿಸಬೇಕಾದ್ದು ಇವತ್ತೇ. ದೊಡ್ಡವರೂ ಬಿಟ್ಟುಬಿಡುವಂತಿಲ್ಲ, ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತಿನ ಕಟ್ಟುಗಳು ಸುಣ್ಣಗಟ್ಟಿ ಬಾಗದಂತಾಗುತ್ತವೆ. ಕಿಡ್ನಿ ಸೋತವರಲ್ಲಿ ಇದು ಬೇಗ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರು ತನ್ನಿ, ಕುಡಿಯಲು ಮಾತ್ರವಲ್ಲ, ಮುದ್ದೆಗೂ ಅನ್ನಕ್ಕೂ. ಮುದ್ದೆ ತಾನು ಬೇಯುವ ನೀರನ್ನೆಲ್ಲ ಹೀರಿಕೊಳ್ಳುತ್ತದಲ್ಲ! ಬಟ್ಟೆ ಪಾತ್ರೆಗೆ ಬೋರ್‌ವೆಲ್ ನೀರೇ ಸಾಕು. ಟಿಡಿಎಸ್ ಮೀಟರ್ ಒಟ್ಟು ಲವಣ ಹೇಳುತ್ತದೆ, ಫ್ಲೋರೈಡ್ ಹೇಳುವುದಿಲ್ಲ. ಘಟಕದ ನೀರನ್ನೂ ಆಗಾಗ ಫ್ಲೋರೈಡ್ ಪರೀಕ್ಷೆಗೆ ಕೊಡುವಂತೆ ಪಂಚಾಯಿತಿಯಲ್ಲಿ ಕೇಳಿ, ಪೊರೆ ಹಳೆಯದಾದರೆ ಸೋಸುವುದು ಸಡಿಲಾಗುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ 74. ಬೆಳಿಗ್ಗೆ ಹಾಸಿಗೆಯಿಂದ ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಎರಡು ಸಲ ಬಿದ್ದರು. ಬಿಪಿ ನೋಡಿದರೆ 140 ಇರುತ್ತದೆ. ಬಿಪಿ ಜಾಸ್ತಿ ಇದ್ದೂ ತಲೆಸುತ್ತೇ? — ತುಮಕೂರಿನ ಓದುಗರು

ಉತ್ತರ: ಕೂತು ನೋಡಿದ 140 ಇಡೀ ಕತೆ ಹೇಳುವುದಿಲ್ಲ. ಮಲಗಿದವರು ಎದ್ದು ನಿಂತಾಗ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಕಾಲು, ಹೊಟ್ಟೆಯ ಅಭಿಧಮನಿಗಳಿಗೆ ಇಳಿಯುತ್ತದೆ. ಕತ್ತಿನ ಅಪಧಮನಿ, ಮಹಾಪಧಮನಿಯ ಕಮಾನುಗಳಲ್ಲಿರುವ ಒತ್ತಡ ಗ್ರಾಹಕಗಳು ಒಂದೆರಡು ಬಡಿತದೊಳಗೆ ಅದನ್ನು ಗುರುತಿಸಿ ಮಿದುಳಿನ ಬುಡಕ್ಕೆ ಸುದ್ದಿ ಕೊಡುತ್ತವೆ. ಅಲ್ಲಿಂದ ಬಂದ ಆಜ್ಞೆಗೆ ನಾಡಿ ಹತ್ತು ಹದಿನೈದು ಏರುತ್ತದೆ, ರಕ್ತನಾಳ ಬಿಗಿಯುತ್ತವೆ. ವಯಸ್ಸಾದಂತೆ ನಾಳ ಪೆಡಸಾಗಿ ಈ ಗ್ರಾಹಕಗಳು ಮಂದವಾಗುತ್ತವೆ. ಅದರ ಮೇಲೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಬಗೆಯ ಮಾತ್ರೆ, ದೀರ್ಘಕಾಲದ ಸಕ್ಕರೆ ಕಾಯಿಲೆ ಸೇರಿದರೆ ನಿಂತಾಗ ಒತ್ತಡ ದಢಕ್ಕನೆ ಬೀಳುತ್ತದೆ. ಮುಪ್ಪಿನಲ್ಲಿ ಬಾಯಾರಿಕೆಯೂ ಮಂದವಾಗುವುದರಿಂದ ಬೇಸಗೆಯಲ್ಲಿ ಇದು ಹೆಚ್ಚು.

ಮನೆಯಲ್ಲೇ ಅಳೆಯಬಹುದು. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಮತ್ತೊಮ್ಮೆ ನೋಡಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಬಿದ್ದರೆ ಆ ಚೀಟಿಯನ್ನೂ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ತಾವೇ ಮಾತ್ರೆ ನಿಲ್ಲಿಸುವುದು ಬೇಡ. ಸದ್ಯಕ್ಕೆ, ಏಳುವ ಮೊದಲು ಮಲಗಿದಲ್ಲೇ ಹಿಮ್ಮಡಿಯನ್ನು ಹದಿನೈದು ಸಲ ಆಡಿಸಲಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ನಿಲ್ಲಲಿ. ಹೃದಯ, ಕಿಡ್ನಿ ಚೆನ್ನಾಗಿದ್ದರೆ ಎದ್ದ ಕೂಡಲೇ ಎರಡು ಲೋಟ ನೀರು ಕುಡಿಯಬಹುದು, ಕಾಲು ಗಂಟೆಯಲ್ಲಿ ಒತ್ತಡ ತುಸು ಮೇಲೇರುತ್ತದೆ.

ಪ್ರಶ್ನೆ: ಅಮ್ಮ ರಾತ್ರಿ ನಾಲ್ಕು ಸಲ ಒಂದಕ್ಕೆ ಏಳುತ್ತಾರೆ. ಸಂಜೆಯಿಂದಲೇ ನೀರು ಬಿಡಿಸಿದ್ದೇವೆ, ಪ್ರಯೋಜನವಿಲ್ಲ. — ಮಧುಗಿರಿಯ ಓದುಗರು

ಉತ್ತರ: ಸಂಜೆ ಅವರ ಕಣಕಾಲನ್ನು ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದರೆ, ಹಗಲು ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಕಿಡ್ನಿಗೆ ಹೋಗುತ್ತಿದೆ ಎಂದರ್ಥ. ಅಂಥವರಿಗೆ ಸಂಜೆ ನೀರು ಬಿಡಿಸುವುದಕ್ಕಿಂತ ಮಧ್ಯಾಹ್ನ ಒಂದು ಗಂಟೆ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿಸುವುದು ಮೇಲು. ಹೊಸದಾಗಿ ಕಾಣಿಸಿದ ಬಾವಾದರೆ ಹೃದಯ, ಕಿಡ್ನಿಯ ತಪಾಸಣೆಯೂ ಆಗಬೇಕು. ಬಾವು ಇಲ್ಲದಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನೆಲ್ಲ ಹೀರಲಾರದೆ ಮೂತ್ರಕ್ಕೆ ಬಿಡುತ್ತದೆ, ಸಕ್ಕರೆ ತನ್ನೊಂದಿಗೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಎರಡು ದಿನ ಪ್ರತಿ ಸಲದ ಮೂತ್ರವನ್ನು ಅಳೆದು ಹೊತ್ತು ಬರೆದಿಡಿ. ದಿನದ ಒಟ್ಟು ಮೂತ್ರದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ರಾತ್ರಿಯೇ ಬರುತ್ತಿದ್ದರೆ ತೊಂದರೆ ಮೂತ್ರ ಹುಟ್ಟುವ ಕಡೆ. ಸಲಕ್ಕೆ ನೂರು ಮಿಲಿಯಷ್ಟೇ ಬಂದು ಅವಸರ ಮಾತ್ರ ಹೆಚ್ಚಿದ್ದರೆ ತೊಂದರೆ ಮೂತ್ರಕೋಶದಲ್ಲಿ, ಸೋಂಕೂ ಇರಬಹುದು. ಆ ಹಾಳೆ ಕೈಯಲ್ಲಿದ್ದರೆ ವೈದ್ಯರಿಗೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ಅಲ್ಲೇ ಗೊತ್ತಾಗುತ್ತದೆ.